ವಿಚಾರಣೆಗೆ ಮುನ್ನವೇ ದಂಡನೆ

ಅದಂಡ್ಯನನ್ನು ದಂಡಿಸುವುದೂ ದಂಡ್ಯನನ್ನು ಉಪೇಕ್ಷಿಸುವುದೂ ರಾಜನಿಗೆ ಅಪಕೀರ್ತಿಕರವೆಂದು ಮನುಸ್ಮೃತಿಯು ಹೇಳುವುದು. ಹಾಗಾದರೆ, ದಂಡ್ಯನೋ ಅದಂಡ್ಯನೋ ಎಂಬುದು ಇನ್ನೂ ನಿರ್ಣಯವಾಗದವನನ್ನು ವರ್ಷಗಟ್ಟಲೆ ಸೆರೆಯಲ್ಲಿಡುವುದು ಯಾವ ಧರ್ಮ?

2022ನೆಯ ವರ್ಷದ ಅಂತ್ಯಕ್ಕೆ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಬಂದಿಗಳಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ಸ್ಥಳವಿದ್ದುದಾದರೋ 4,36,266 ಮಂದಿಗೆ ಮಾತ್ರ.

ಬಿಟ್ಟರೆ ಓಡಿಹೋದಾರು, ಸಾಕ್ಷಿಗಳನ್ನು ಬೆದರಿಸಿಯಾರು ಎಂಬ ಆಕ್ಷೇಪವು ನಿರಾಧಾರವಲ್ಲ. ಆದರೆ ಜಾಮೀನಿಗೆ ಹಣವುಳ್ಳವನು ಹೊರಗೂ, ಇಲ್ಲದವನು ಒಳಗೂ ಇರುವಲ್ಲಿ ಸೆರೆಗೆ ಕಾರಣವಾದುದು ಆ ಭಯವಲ್ಲ, ಬಡತನ. 1979ರಲ್ಲಿ ಹುಸ್ಸೈನಾರಾ ಖಾತೂನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಡುದೂ ಇದನ್ನೇ. ಬಿಹಾರದಲ್ಲಿ ಕೆಲವರು ತಮ್ಮ ಮೇಲಿನ ಆಪಾದನೆಗೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಶೀಘ್ರ ವಿಚಾರಣೆಯು ಮೂಲಭೂತ ಹಕ್ಕೆಂದು ನ್ಯಾಯಾಲಯವು ಆಗ ಸಾರಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಮರಣದಂಡನೆಗಾಗಲಿ ಆಜೀವ ಸೆರೆಗಾಗಲಿ ಅರ್ಹವಾದ ಅಪರಾಧಗಳನ್ನುಳಿದು, ಹಿಂದೆಂದೂ ಶಿಕ್ಷೆಗೊಳಗಾಗದವನನ್ನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಪಾಲು ಕಳೆದಮೇಲೆ ಸಾಮಾನ್ಯವಾಗಿ ಮುಚ್ಚಳಿಕೆಯ ಮೇಲೆ ಬಿಡತಕ್ಕುದು. ಇದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆಯು ಕಾರಾಗೃಹದ ಅಧಿಕಾರಿಯದು. ಅವನು ಆಲಸ್ಯದಿಂದಿದ್ದರೆ ಒಳ್ಳೆಯ ಶಾಸನವೂ ನಿರರ್ಥಕವೇ. ಕಟ್ಟಕಡೆಗೆ ನಿರ್ದೋಷಿಯೆಂದು ತೀರ್ಪಾದವನಿಗೆ ಸೆರೆಯಲ್ಲಿ ಕಳೆದ ವರ್ಷಗಳನ್ನು ಹಿಂದಿರುಗಿಸಲು ಯಾವ ನ್ಯಾಯಪೀಠಕ್ಕೂ ಶಕ್ತಿಯಿಲ್ಲವಷ್ಟೆ.