ಡೆಂಗಿ ಜ್ವರವೂ ಶ್ರಾವಕನ ಅಹಿಂಸೆಯೂ

ಸೊಳ್ಳೆಯು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿ. ಅದನ್ನು ಕೊಲ್ಲುವುದು ಹಿಂಸೆಯೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಮಾತು. ಆದರೆ ಸೊಳ್ಳೆಯ ಮೂಲಕವೇ ಹರಡುವ ಡೆಂಗಿ ಜ್ವರದಿಂದ ಅದೇ ಮನೆಯ ಮಗು ಆಸ್ಪತ್ರೆ ಸೇರಿದಾಗ, ತೊಟ್ಟಿಯ ನೀರಿನಲ್ಲಿ ಹೊರಳಾಡುತ್ತಿರುವ ಸೊಳ್ಳೆಮರಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಶ್ರಾವಕನು ಉತ್ತರಿಸಲೇಬೇಕಾಗುತ್ತದೆ. ಜೀವದಯೆಯ ಹೆಸರಿನಲ್ಲಿ ಸುಮ್ಮನಿರುವವರುಂಟು. ಆತ್ಮರಕ್ಷಣೆಯ ಹೆಸರಿನಲ್ಲಿ ಯೋಚಿಸದೆ ವಿಷ ಸುರಿಯುವವರೂ ಉಂಟು. ಇಬ್ಬರೂ ಪ್ರಶ್ನೆಯನ್ನು ತೀರ ತಡವಾಗಿ ಕೇಳಿಕೊಳ್ಳುತ್ತಿದ್ದಾರೆಂದು ನನಗೆ ತೋರುತ್ತದೆ.

ಮೊದಲು ರೋಗದ ಸ್ವರೂಪವನ್ನರಿಯುವುದು ಅವಶ್ಯ. ಡೆಂಗಿಯನ್ನುಂಟುಮಾಡುವ ವೈರಾಣುಗಳಲ್ಲಿ 4 ಬಗೆಗಳಿವೆ. ಒಂದು ಬಗೆಯದು ಒಮ್ಮೆ ಬಂದುಹೋದವರಿಗೆ ಎರಡನೆಯ ಸಲ ಬೇರೊಂದು ಬಗೆಯದು ತಗುಲಿದರೆ ರೋಗವು ಉಲ್ಬಣಿಸುವ ಸಂಭವ ಹೆಚ್ಚು. ವೈರಾಣುವನ್ನೇ ನಾಶಮಾಡುವ ಔಷಧ ಇಲ್ಲ. ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರ ನಿಗಾ ಇವೇ ಚಿಕಿತ್ಸೆ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರುಬಿಡುವ ಹೊತ್ತಿನಲ್ಲಿಯೇ ಕೆಲವರಿಗೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತವೆ. ಆಗ ತಡಮಾಡುವಂತಿಲ್ಲ. 1996ರಲ್ಲಿ ದೆಹಲಿಯಲ್ಲಿ 10,000ಕ್ಕೂ ಹೆಚ್ಚು ಜನ ಈ ರೋಗಕ್ಕೆ ತುತ್ತಾಗಿ, 400ಕ್ಕೂ ಹೆಚ್ಚು ಮಂದಿ ಅಸುನೀಗಿದರು. 2024ರಲ್ಲಿ ಜಗತ್ತಿನಾದ್ಯಂತ ವರದಿಯಾದ ಪ್ರಕರಣಗಳು 1 ಕೋಟಿ 40 ಲಕ್ಷವನ್ನು ಮೀರಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆ, ಅಂಗಡಿಗಳಿಗೆ ದಂಡವನ್ನು ಗೊತ್ತುಪಡಿಸಿತು.

ಈ ರೋಗವನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಯು ಕಚ್ಚುವುದು ಹಗಲಿನಲ್ಲಿ. ಚರಂಡಿಯ ಕೊಳಚೆಗಿಂತ ಮನೆಯ ತಿಳಿನೀರೇ ಇದಕ್ಕೆ ಪ್ರಿಯ. ಮುಚ್ಚಳವಿಲ್ಲದ ಡ್ರಮ್ಮು, ಹೂಕುಂಡದ ತಟ್ಟೆ, ಅಂಗಳದಲ್ಲಿ ಬಿದ್ದ ತೆಂಗಿನ ಚಿಪ್ಪು ಇಷ್ಟಿದ್ದರೆ ಸಾಕು. ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀರು ತಾಗಿ ಮೊಟ್ಟೆಯೊಡೆದರೆ ಒಂದು ವಾರ, ಹತ್ತು ದಿನಗಳಲ್ಲಿ ರೆಕ್ಕೆ ಬಲಿತು ಹಾರುತ್ತವೆ. ಇನ್ನೊಂದು ಸಂಗತಿ ಇದೆ. ಸೊಳ್ಳೆಗೆ ವೈರಾಣು ದೊರೆಯುವುದು ಬಹುಮಟ್ಟಿಗೆ ನಮ್ಮಿಂದಲೇ. ರೋಗಿಯ ರಕ್ತ ಹೀರಿದ ಹೆಣ್ಣುಸೊಳ್ಳೆಯು ಸುಮಾರು ಹತ್ತು ದಿನಗಳ ತರುವಾಯ ಅದನ್ನು ಮತ್ತೊಬ್ಬರಿಗೆ ದಾಟಿಸುತ್ತದೆ. ಅದಕ್ಕೆ ದ್ವೇಷವಿಲ್ಲ, ಹಸಿವಿದೆ ಅಷ್ಟೆ.

ಆದುದರಿಂದಲೇ, ಸೊಳ್ಳೆಯನ್ನು ಕೊಲ್ಲುವುದು ಗೃಹಸ್ಥನಿಗೆ ಸಲ್ಲುವ ವಿರೋಧೀ ಹಿಂಸೆಯೆಂದು ಕೆಲವರು ಕೊಡುವ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ದಂಡೆತ್ತಿ ಬಂದ ಶತ್ರುವನ್ನು ಎದುರಿಸುವ ಮಾತು ಬೇರೆ, ನಾವೇ ತೊಟ್ಟಿಲು ಕಟ್ಟಿ ಸಾಕಿದ ಜೀವಿಯ ಮಾತು ಬೇರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಹಾಗೆ ನೋಡಿದರೆ ತೊಟ್ಟಿಯ ಮರಿಗಳ ಸಾವು ಮದ್ದು ಹಾಕಿದ ದಿನ ಆರಂಭವಾದುದಲ್ಲ. ಅದಕ್ಕೆ ವಾರದ ಹಿಂದೆ, ಮುಚ್ಚಳ ಹಾಕದೆ ಒಳಗೆ ಹೋದ ಗಳಿಗೆಯಲ್ಲಿ ಆರಂಭವಾಯಿತು. ಮುಚ್ಚಿದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡದು. ಮೊಟ್ಟೆಯಿಲ್ಲದೆಡೆ ಮರಿಯಿಲ್ಲ, ಕೊಲ್ಲುವ ಪ್ರಸಂಗವೂ ಇಲ್ಲ.

ಮರಿಗಳು ಆಗಲೇ ಇದ್ದರೆ? ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅವು ಬಂದ ನೀರಿಗೇ ಮರಳಿಸಬೇಕೆಂಬುದು ನಮ್ಮ ಹಿರಿಯರ ಆಚಾರ. ಇಲ್ಲಿ ಹಾಗೆ ಮಾಡಿದರೆ ನೆರೆಮನೆಯ ಕೂಸಿಗೆ ಜ್ವರವನ್ನು ಕಳುಹಿಸಿದಂತೆಯೇ ಸರಿ. ನೀರನ್ನು ಒಣನೆಲಕ್ಕೆ ಚೆಲ್ಲಬೇಕು, ತೊಟ್ಟಿಯನ್ನು ತಿಕ್ಕಿ ತೊಳೆಯಬೇಕು. ಜೀವಹಾನಿ ಆಗುತ್ತದೆ. ಅದನ್ನು ಪಾಪವಲ್ಲವೆಂದು ಹೇಳಿಕೊಳ್ಳದೆ ಆ ಸಂಜೆಯ ಪ್ರತಿಕ್ರಮಣದಲ್ಲಿ ನೆನೆಯುವುದು ಪ್ರಾಮಾಣಿಕತೆ. ಹೊಗೆ ಹಾಕುವ ಯಂತ್ರದ ವಿಷಯದಲ್ಲಿ ಮಾತ್ರ ನನಗೆ ಯಾವ ಸಂದೇಹವೂ ಇಲ್ಲ. ಅದು ಹಾರುವ ಕೀಟಗಳಲ್ಲಿ ಭೇದವೆಣಿಸದೆ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನು ಮುಟ್ಟುವುದಿಲ್ಲ. ಹಿಂಸೆ ಅಪಾರ, ಫಲ ಅತ್ಯಲ್ಪ.

ಇಂಡೋನೇಷಿಯದ ಯೋಗ್ಯಕರ್ತ ನಗರದಲ್ಲಿ ಬೇರೊಂದು ಮಾರ್ಗವನ್ನು ಪರೀಕ್ಷಿಸಿದ್ದಾರೆ. ವೋಲ್ಬಾಕಿಯ ಎಂಬ ಸೂಕ್ಷ್ಮಜೀವಿಯನ್ನು ಒಡಲಲ್ಲಿ ಹೊತ್ತ ಸೊಳ್ಳೆಗಳನ್ನು ಬಿಟ್ಟಾಗ, ಅವುಗಳ ದೇಹದಲ್ಲಿ ಡೆಂಗಿಯ ವೈರಾಣು ಹೆಚ್ಚದೆ, ಆ ಪ್ರದೇಶಗಳಲ್ಲಿ ರೋಗವು ಶೇಕಡಾ 77ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. ಸೊಳ್ಳೆ ಬದುಕುತ್ತದೆ, ರೋಗ ನಿಲ್ಲುತ್ತದೆ. ಇದರಲ್ಲಿಯೂ ಕೆಲವು ಮೊಟ್ಟೆಗಳು ಒಡೆಯದೆ ಹೋಗುವುದುಂಟು. ಆದರೂ ಅಹಿಂಸಾವಾದಿಗಳು ಕುತೂಹಲದಿಂದ ಗಮನಿಸಬೇಕಾದ ಪ್ರಯತ್ನವಿದು.

ಸೊಳ್ಳೆ ಕಚ್ಚುವುದನ್ನು ಸಹಿಸುವುದು ಧರ್ಮವೇ ಅಲ್ಲವೆ ಎಂದು ಕೇಳುವವರಿದ್ದಾರೆ. 22 ಪರೀಷಹಗಳಲ್ಲಿ ದಂಶಮಶಕವೂ ಸೇರಿರುವುದು ನಿಜ. ಆದರೆ ಅದು ಮುನಿಗಳು ತಮ್ಮ ದೇಹದ ಮೇಲೆ ತಾವು ತಾಳುವ ವ್ರತ. ಮಗುವಿನ ದೇಹದ ಮೇಲೆ ತಂದೆ ಅದನ್ನು ಹೇರುವಂತಿಲ್ಲ. ಮುನಿಗಳು ಚಾತುರ್ಮಾಸಕ್ಕೆ ನೆಲೆನಿಲ್ಲುವುದು ಮಳೆಗಾಲದಲ್ಲಿ, ಡೆಂಗಿ ಹೆಚ್ಚುವುದೂ ಆಗಲೇ. ಸೊಳ್ಳೆಬತ್ತಿಯನ್ನಾಗಲಿ ಲೇಪವನ್ನಾಗಲಿ ಬಳಸದ ಅವರ ವಸತಿಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದು ಟ್ರಸ್ಟಿನವರ ವೈಯಾವೃತ್ಯವೇ ಆಗಿದೆ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ನಾವು ಬಾಯಲ್ಲಿ ಹೇಳುತ್ತೇವೆ. ಆದರೆ ಪುರಸಭೆಯ ನೌಕರನು ಬಂದು ಮದ್ದು ಸಿಂಪಡಿಸಿ ಹೋದಾಗ, ಕೈ ಅವನದು, ಪಾಪವೂ ಅವನದೆಂಬಂತೆ ಬಾಗಿಲು ಹಾಕಿಕೊಳ್ಳುತ್ತೇವೆ. ಅವನು ಬರಬೇಕಾದ ಸ್ಥಿತಿಯನ್ನು ತಂದಿಟ್ಟವರು ನಾವು. ಮರಿಗಳನ್ನು ಹುಡುಕಿಕೊಂಡು ಬರುವ ಆಶಾ ಕಾರ್ಯಕರ್ತೆಯನ್ನು ಹೊಸ್ತಿಲಲ್ಲೇ ನಿಲ್ಲಿಸದೆ ಒಳಗೆ ಕರೆದು, ಹಿತ್ತಲಿನ ಡ್ರಮ್ಮನ್ನೂ ಮಹಡಿಯ ಟ್ಯಾಂಕನ್ನೂ ತೋರಿಸಬೇಕು. ಬಸದಿಗಳಲ್ಲಿ ಅಭಿಷೇಕದ ಕೊಡಗಳನ್ನು ತೊಳೆದು ಮಗುಚಿಡುವ ಪದ್ಧತಿ ಇದ್ದೇ ಇದೆ. ವರ್ಷದಲ್ಲಿ ನಾಲ್ಕು ದಿನ ಮಾತ್ರ ತೆರೆಯುವ ಧರ್ಮಶಾಲೆಯ ಕೋಣೆಗಳ ಶೌಚಾಲಯದ ತೊಟ್ಟಿಗಳತ್ತ, ಛಾವಣಿಯ ಮೇಲೆ ಮುಚ್ಚಳ ಒಡೆದ ಟ್ಯಾಂಕಿನತ್ತ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಆಷಾಢಕ್ಕೆ ಮುನ್ನ ಟ್ರಸ್ಟಿನ ಒಬ್ಬ ಸದಸ್ಯರು ತಾವೇ ಏಣಿ ಹತ್ತಿ ಅವನ್ನು ನೋಡಿ ಬರಲಿ.