ಎರಡು ಪಂಜರ, ಒಂದು ಬೋನು

ಕಳೆದ ಚೌತಿಗೆ ಧಾರವಾಡದಿಂದ ದೊಡವಾಡಕ್ಕೆ ಹೋಗುವಾಗ ನನ್ನ ಬಳಿ ಬಟ್ಟೆಯ ಬ್ಯಾಗಿನ ಜೊತೆ ಹಳೇ ಲುಂಗಿ ಮುಚ್ಚಿದ ಎರಡು ಪಂಜರಗಳಿದ್ದವು. ಒಂದರಲ್ಲಿ ಎರಡು ಹೆಣ್ಣು, ಇನ್ನೊಂದರಲ್ಲಿ ಮೂರು ಗಂಡು, ಒಟ್ಟು ಐದು ಬಿಳಿ ಇಲಿ. ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ಲುಂಗಿಯ ಸಂದಿಯಲ್ಲಿ ಇಣುಕಿ ನೋಡಿ "ಮೊಲದ ಮರಿ ಏನ್ರಿ?" ಎಂದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಮನೆಯಲ್ಲಿ ಹಾಗೆ ಜಾರಿಕೊಳ್ಳಲು ಆಗಲಿಲ್ಲ. ಹೊಸ ಹೆಸರು ಬಂದಿತ್ತು. ಮಳೆ ಬಿಡದ ಕಾರಣ ಪಡಸಾಲೆಯಲ್ಲೇ ಹರಡಿದ್ದರು. ಕಾಳು ಒಳಗೆ ಬಂದ ಮೇಲೆ ಇಲಿ ಹೊರಗೆ ಇರುತ್ತದೆಯೇ? ಬಾಗಿಲ ಹಿಂದೆ ಅಪ್ಪ ಬೋನು ಇಟ್ಟಿದ್ದ. ಅದರೊಳಗೆ ಕಂದು ಬಣ್ಣದ ಒಂದು ಇಲಿ ಆಗಲೇ ಬಿದ್ದು, ಸರಳು ಕಚ್ಚುತ್ತ ಕೂತಿತ್ತು. ನಾನು ಪಂಜರಗಳನ್ನು ಕೆಳಗಿಟ್ಟೆ.

"ಏನ್ ತಂದೀಯೋ ತಮ್ಮಾ?"

"ಇಲಿ, ಅಪ್ಪಾ."

"ಯಾಕ, ಊರಾಗ ಕಡಿಮಿ ಆಗ್ಯಾವಂತ ತಂದೇನು?"

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಬೋನನ್ನೂ ಪಂಜರವನ್ನೂ ಒಮ್ಮೆ ನೋಡಿ, "ಇವನ್ನ ಉಳಸಾಕ ನೀ ತಂದೀ. ಅದನ್ನ ಕೊಲ್ಲಾಕ ನಾ ಬೋನ ಇಟ್ಟೀನಿ. ಎರಡೂ ಇಲೀನ. ಫರಕ ಏನೈತಿ ಹೇಳು, ನೀ ಓದಿದಾಂವ ಅದೀ" ಎಂದ.

ನಾನು ಓದುತ್ತಿರುವುದು ತತ್ವಶಾಸ್ತ್ರ. ಪಿಎಚ್.ಡಿ. ನಾಲ್ಕನೇ ವರ್ಷದಲ್ಲಿದೆ. ಆದರೂ ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇರುವುದೂ ಅರ್ಧ ಉತ್ತರವೇ.

ಮೊದಲು ಅವು ನನ್ನ ಬಳಿ ಬಂದ ಕಥೆ. ಧಾರವಾಡದಲ್ಲಿ ನನ್ನ ಪಕ್ಕದ ಖೋಲಿಯಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಇದ್ದ. ಸಾಕುಪ್ರಾಣಿ ಮಾರುವ ಅಂಗಡಿಯಿಂದ ಎರಡು ಬಿಳಿ ಇಲಿ ತಂದ. ಎರಡೂ ಗಂಡು ಎಂದು ಹೇಳಿ ಕೊಟ್ಟಿದ್ದರು. ಇಲಿಯ ಬಸಿರು ಇಪ್ಪತ್ತೊಂದರಿಂದ ಇಪ್ಪತ್ಮೂರು ದಿನ. ತಿಂಗಳೊಳಗೆ ಒಂಬತ್ತು ಮರಿಗಳಾದವು. ಮರಿಗಳು ಐದಾರು ವಾರಕ್ಕೇ ಬೆದೆಗೆ ಬರುತ್ತವೆ. ಅಷ್ಟರೊಳಗೆ ಗಂಡು ಹೆಣ್ಣು ಬೇರೆ ಮಾಡದಿದ್ದರೆ ಲೆಕ್ಕ ಕೈ ತಪ್ಪುತ್ತದೆ. ಮನೆ ಮಾಲೀಕರು ಗಡುವು ಕೊಟ್ಟರು. ಹುಡುಗನ ಪರಿಹಾರ ಸರಳವಾಗಿತ್ತು: "ಕೆಲಗೇರಿ ಕೆರಿ ದಂಡಿಗೆ ಬಿಟ್ಟು ಬರ್ತೀನ್ರಿ ಸರ್, ಆರಾಮ ಇರ್ತಾವ."

ಆ "ಆರಾಮ" ಎಂಬ ಮಾತಿಗೆ ನಾನು ಸಿಕ್ಕಿಬಿದ್ದೆ. ಬಿಳಿ ಇಲಿ ಹುಲ್ಲಿನ ಮೇಲೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಬೆಕ್ಕು, ಹದ್ದು, ನಾಯಿ ಎಂದರೆ ಏನೆಂದು ಅದಕ್ಕೆ ಗೊತ್ತಿಲ್ಲ. ಬಿಲ ತೋಡಿ, ಆಹಾರ ಹುಡುಕಿ ಬದುಕಿದ ಅನುಭವ ಅದರ ಹಿಂದಿನ ನೂರಾರು ತಲೆಮಾರಿಗೆ ಇಲ್ಲ. ಅದು ಮನುಷ್ಯನ ಕೈಯಲ್ಲೇ ಆದ ಜೀವ. 19ನೇ ಶತಮಾನದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನಿದ್ದ. ಹಿಡಿದ ಇಲಿಗಳಲ್ಲಿ ವಿಚಿತ್ರ ಬಣ್ಣದವನ್ನು ಕೊಲ್ಲದೆ ಇಟ್ಟುಕೊಂಡು, ಮರಿ ಮಾಡಿಸಿ, ಸಾಕಲು ಮಾರುತ್ತಿದ್ದ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆ ಪ್ರಯೋಗಾಲಯಕ್ಕೆಂದೇ ಬಿಳಿ ಇಲಿಯ ತಳಿ ಬೆಳೆಸಿತು. ಇಂಥ ಜೀವವನ್ನು ಕೆರೆ ದಂಡೆಗೆ ಬಿಡುವುದಕ್ಕೆ ಬಿಡುಗಡೆ ಎಂಬ ಹೆಸರು ಸಲ್ಲುವುದಿಲ್ಲ. ಸಾಯುವುದನ್ನು ನಾವು ನೋಡದ ಜಾಗಕ್ಕೆ ಸಾಗಿಸುವುದು ಅಷ್ಟೆ.

ಈ ಕೆಲಸದಲ್ಲಿ ನಾವು ಪಳಗಿದವರು. ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಹಳ್ಳದ ಆಚೆ ಬಿಟ್ಟು ಬರುತ್ತೇವೆ. ಮುದಿ ಎತ್ತನ್ನು ದೇವರ ಹೆಸರಲ್ಲಿ ಬಿಡುತ್ತೇವೆ. "ಬಿಟ್ಟೆ" ಎಂಬ ಕ್ರಿಯಾಪದದಲ್ಲಿ ಕೈ ತೊಳೆದುಕೊಳ್ಳಲು ಬೇಕಾದಷ್ಟು ನೀರಿದೆ.

ಹಾಗಾಗಿ ಹನ್ನೊಂದೂ ನನ್ನ ಖೋಲಿಗೆ ಬಂದವು. ವಾಟ್ಸಾಪಿನಲ್ಲಿ ಸುದ್ದಿ ಹಾಕಿದೆ. ಇಲಿ ಒಂಟಿಯಾಗಿ ಇರಲಾರದ ಪ್ರಾಣಿ, ಜೋಡಿಯಾಗಿಯೇ ಕೊಡಬೇಕು. ಹುಬ್ಬಳ್ಳಿಯ ಮಾಸ್ತರರೊಬ್ಬರ ಮಗಳು ಎರಡು ಹೆಣ್ಣು ಮರಿ ಒಯ್ದಳು. ಪರಿಚಯದ ಇನ್ನೊಂದು ಮನೆಗೆ ಎರಡು ಹೆಣ್ಣು, ಗೆಳೆಯನೊಬ್ಬನಿಗೆ ಎರಡು ಗಂಡು ಹೋದವು. ಆಮೇಲೆ ಒಂದು ಫೋನು ಬಂತು. "ಉಳಿದವು ಎಲ್ಲಾ ನಾ ಒಯ್ತೀನಿ" ಎಂದ. ವಯಸ್ಸು ಕೇಳಲಿಲ್ಲ, ಏನು ತಿನ್ನುತ್ತವೆ ಎಂದು ಕೇಳಲಿಲ್ಲ. ಎಷ್ಟು ದಪ್ಪ ಇವೆ ಎಂದಷ್ಟೇ ಕೇಳಿದ. ಮನೆಯಲ್ಲಿ ಹೆಬ್ಬಾವು ಸಾಕಿದ್ದನಂತೆ.

ನಾನು ಆಯಿತು ಎಂದೆ. ಇದನ್ನು ಹೇಳದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಖೋಲಿಯ ವಾಸನೆ, ಮಾಲೀಕರ ಮುಖ, ಮುಗಿಯದ ಅಧ್ಯಾಯ ಎಲ್ಲ ಸೇರಿ ನನ್ನ ಬಾಯಿಂದ ಆ ಮಾತು ಹೊರಡಿಸಿದವು. ತರ್ಕವೂ ಬೇಗ ಒದಗಿತು. ಹಾವು ಇಲಿ ತಿನ್ನುವುದು ತಪ್ಪೇ? ಹೊಲದಲ್ಲಿ ಕೇರೆ ಹಾವು ಕಂಡರೆ ರೈತನ ಗೆಳೆಯ ಎಂದು ನಾವೇ ಖುಷಿಪಡುವುದಿಲ್ಲವೇ? ರಾತ್ರಿ ಪಂಜರ ತೆರೆದಾಗ ದೊಡ್ಡ ಗಂಡು ಎಂದಿನಂತೆ ನನ್ನ ಅಂಗೈ ಹತ್ತಿ, ತೋಳಿನ ಮೇಲಿಂದ ಹೆಗಲಿಗೆ ಹೋಗಿ ಕೂತಿತು. ಬೆಳಿಗ್ಗೆ ಫೋನು ಮಾಡಿ ಬರಬೇಡ ಎಂದೆ.

ಅವತ್ತು ನನ್ನನ್ನು ತಡೆದದ್ದು ಬರೀ ಮರುಕವೇ? ಇದ್ದರೂ ಇರಬಹುದು. ಆದರೆ ಮರುಕದೊಳಗೆ ಒಂದು ಕಾರಣವೂ ಇತ್ತು. ಹೊಲದ ಇಲಿ ಹಾವನ್ನು ಕಂಡರೆ ಓಡುತ್ತದೆ, ಅದಕ್ಕೆ ಓಡಲು ದಾರಿ ಇದೆ. ನನ್ನ ಇಲಿ ಅಂಗೈಗೆ ಬರುತ್ತದೆ, ಏಕೆಂದರೆ ಅಂಗೈ ಎಂದರೆ ಕಾಳು ಎಂದು ನಾನೇ ಕಲಿಸಿದ್ದೇನೆ. ಆ ನಂಬಿಕೆಯನ್ನೇ ಹಿಡಿಕೆ ಮಾಡಿಕೊಂಡು ಅದನ್ನು ಎತ್ತಿ ಕೊಡುವುದು ಕೊಲ್ಲುವುದಕ್ಕಿಂತ ಬೇರೆ ಬಗೆಯ ತಪ್ಪು.

ಅಪ್ಪನ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ ಆಗಿತ್ತು. ಇವುಗಳಿಗೆ ಜಾಸ್ತಿ ಬೆಲೆ ಇದೆ ಎಂದಲ್ಲ. ಇವನ್ನು ಬೇರೆಲ್ಲೂ ಬದುಕದಂತೆ ಮಾಡಿದವರು ನಾವು. ಆದ್ದರಿಂದ ಹೊಣೆ ನಮ್ಮದು.

ಬೆಲೆಯಿಂದ ಹೊರಟಿದ್ದರೆ ನಾನು ಸೋಲುತ್ತಿದ್ದೆ. ನೋವು, ಭಯ, ಸಂಗಾತಿಯ ಆಸೆ ಎರಡು ಇಲಿಗೂ ಒಂದೇ. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಇಲಿಯನ್ನು ಕೊಳವೆಯಲ್ಲಿ ಕೂಡಿಹಾಕಿ, ಅದರ ಜೊತೆಗಾರನನ್ನು ಹೊರಗೆ ಬಿಟ್ಟರು. ಹೊರಗಿದ್ದದ್ದು ಬಾಗಿಲು ತೆರೆಯುವುದನ್ನು ಕಲಿತು ಒಳಗಿದ್ದದ್ದನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟ್ ಇಟ್ಟಾಗಲೂ ಜೊತೆಗಾರನನ್ನು ಬಿಡಿಸಿ, ಎಷ್ಟೋ ಸಲ ಅದರಲ್ಲಿ ಪಾಲೂ ಕೊಟ್ಟಿತು. ಈ ಗುಣ ಬಿಳಿ ಬಣ್ಣಕ್ಕೆ ಅಂಟಿಕೊಂಡದ್ದೆಂದು ನಂಬಲು ಕಾರಣವಿಲ್ಲ.

ನಮ್ಮ ಕಾನೂನು ಹೊರಡುವುದು ಮಾತ್ರ ಬೆಲೆಯಿಂದಲೇ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದದ್ದರ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ದೊಡ್ಡ ಮನಸ್ಸಿನ ಕಾಯ್ದೆ. ಅದರ 17ನೇ ಕಲಮು, ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಂಥ ಸಣ್ಣ ಪ್ರಾಣಿಗಳಿಂದ ಅದೇ ಫಲ ಸಿಗುವುದಾದರೆ ದೊಡ್ಡ ಪ್ರಾಣಿಗಳ ಮೇಲೆ ಪ್ರಯೋಗ ತಪ್ಪಿಸಿ ಎನ್ನುತ್ತದೆ. ಕರುಣೆಯ ಕಾಯ್ದೆಯಲ್ಲೇ ಇಲಿಯ ಹೆಸರು ಬರುವುದು ಇನ್ನೊಬ್ಬರ ಬದಲಿಗೆ ಕೊಡಬಹುದಾದ ಜೀವವಾಗಿ. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆ, ಪುನರ್ವಸತಿ ಸಂಶೋಧಕರ ಹೊಣೆ ಎಂದು ಆಮೇಲಿನ ನಿಯಮಗಳು ಹೇಳಿದವು. ಆದರೆ ಆ ಖರ್ಚನ್ನು ಪ್ರಾಣಿಯ ಅರಿವಿನ ಮಟ್ಟಕ್ಕೆ ತಕ್ಕಂತೆ ಏರಿಸಬೇಕಂತೆ. ಬೆಂಗಳೂರಿನಲ್ಲಿ ಪ್ರಯೋಗಾಲಯದಿಂದ ಹೊರಬಂದ ಬೀಗಲ್ ನಾಯಿಗಳನ್ನು ಮನೆಗೆ ಕರೆದೊಯ್ಯಲು ಜನ ಮುಂದೆ ಬಂದರು. ಹುಲ್ಲು ಎಂದರೇನೆಂದೇ ಅರಿಯದ ನಾಯಿಗಳು ಮೊದಲ ಸಲ ಮಣ್ಣಿನ ಮೇಲೆ ಹೆಜ್ಜೆ ಇಡುವುದನ್ನು ನೋಡಿ ಕಣ್ಣೀರು ಹಾಕಿದರು. ಅದು ಒಳ್ಳೆಯ ಕೆಲಸವೇ. ಇಲಿಗೂ ಮಣ್ಣು ಹೊಸದೇ, ಆದರೆ ಅದಕ್ಕಾಗಿ ಅಂಥ ಗದ್ದಲವನ್ನು ನಾನು ಕೇಳಿಲ್ಲ. ಏಣಿ ಹಾಕಿದವರು ಎಲ್ಲಿಯಾದರೂ ಒಂದು ಕೆಳಗಿನ ಮೆಟ್ಟಿಲು ಇಡಲೇಬೇಕು. ಹೊಣೆಗೆ ಏಣಿ ಬೇಕಿಲ್ಲ. ಯಾರು ಪಂಜರದ ಬಾಗಿಲು ಹಾಕಿದರೋ ಅವರು ಉತ್ತರ ಕೊಡಬೇಕು.

ಚೌತಿಯ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ನನ್ನ ಮಟ್ಟಿಗೆ ಚೆಂದವಾಗಿ ಅಪ್ಪನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ಕಾಳ ಕೂಡಿ ಇಟ್ಟವರ ಯಾರು?" ಎಂದ.

"ನಾವ."

"ಹಗೇವು ತೋಡಿದವರು?"

"ನಾವ."

"ಹಂಗಾದ್ರ ಈ ಮನ್ಯಾಗಿನ ಇಲೀನೂ ನಾವ ಕರದಂಗ ಆತಲ್ಲೋ. ಅದಕ್ಕೂ ನಿನ್ನ ಹೊಣಿ ಬರ್ತೈತಿ. ನಾ ಅದಕ್ಕ ಹೆಸರ ತಿನಸಬೇಕೇನು?"

ನಾಲ್ಕು ವರ್ಷದಲ್ಲಿ ಯಾವ ಸೆಮಿನಾರಿನಲ್ಲೂ ನನಗೆ ಇಷ್ಟು ನೇರವಾದ ಆಕ್ಷೇಪ ಬಂದಿಲ್ಲ. ಮನುಷ್ಯ ಕಾಳು ಕೂಡಿಡಲು ಶುರು ಮಾಡಿದ ಕಾಲದಿಂದ ಇಲಿಗಳು ಅವನ ಬೆನ್ನ ಹಿಂದೆ ಬಂದಿವೆ. ಅಟ್ಟದ ಇಲಿಯನ್ನೂ ಒಂದರ್ಥದಲ್ಲಿ ನಾವೇ ಮಾಡಿದ್ದೇವೆ. ಅಪ್ಪನ ಬಳಿ ಬೇರೆ ಲೆಕ್ಕವೂ ಇತ್ತು: ತೂತು ಬಿದ್ದ ಚೀಲ, ಮಳೆಗಾಲದ ಇಲಿ ಜ್ವರ. ಆಯಿ ನಡುವೆ ಬಾಯಿ ಹಾಕಿ, ತನ್ನ ಅತ್ತೆ ಹೇಳುತ್ತಿದ್ದದ್ದನ್ನು ನೆನೆದಳು. ಇಲಿ ಬಿದ್ದವು ಎಂದರೆ ಸಾಕು, ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, ಮುಂದೆ ಎಷ್ಟೋ ವರ್ಷ ಈ ಸೀಮೆಯಲ್ಲಿ ಮತ್ತೆ ಮತ್ತೆ ಬಂತು. ಇಲಿಯನ್ನು ಕಂಡು ಹೆದರುವವರಿಗೆ ಹೆದರಲು ಕಾರಣವಿದೆ. ಪೇಟೆಯ ಖೋಲಿಯಲ್ಲಿ ಕೂತು ಆ ಭಯವನ್ನು ಮೂಢನಂಬಿಕೆ ಎನ್ನುವುದು ಸುಲಭ.

ಆ ರಾತ್ರಿ ನನಗೆ ನನ್ನದೇ ಬಾಲ್ಯ ನೆನಪಾಯಿತು. ಆಗ ಅಪ್ಪ ಇಲಿಪಾಷಾಣವನ್ನು ಹಿಟ್ಟಿನಲ್ಲಿ ಕಲಸಿ ಇಡುತ್ತಿದ್ದ. ಸತ್ತ ಇಲಿ ಹುಡುಕಿ ತಂದರೆ ನನಗೆ ಒಂದು ರೂಪಾಯಿ. ಆ ಕರಿ ಪುಡಿ, ಸತುವಿನ ಫಾಸ್ಫೈಡ್, ಹೊಟ್ಟೆಗೆ ಹೋಗಿ ವಿಷಗಾಳಿಯಾಗುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದನ್ನು ಹೊರಹಾಕುವ ದಾರಿಯೇ ಅದಕ್ಕಿಲ್ಲ. ಅಂಥ ಒಂದು ಇಲಿ ನೀರಿನ ಹಂಡೆಯ ಬುಡದಲ್ಲಿ ಬಹಳ ಹೊತ್ತು ಒದ್ದಾಡಿದ್ದನ್ನು ನಾನು ಕಂಡಿದ್ದೆ. ಅದು ಸಾಯಲಿ ಎಂದು ಕಾದಿದ್ದೆ, ರೂಪಾಯಿಗಾಗಿ.

ಆದ್ದರಿಂದ ನನ್ನ ಉತ್ತರವನ್ನು ತಿದ್ದಿಕೊಳ್ಳಬೇಕಾಯಿತು. ಹೊಣೆ ಎರಡು ಬಗೆಯದು. ನಾವು ಕೈಯಾರೆ ಕಟ್ಟಿಹಾಕಿದ, ಓಡಿಹೋಗಲು ಬಾರದ ಜೀವಕ್ಕೆ ಅನ್ನ, ಜಾಗ, ಜೊತೆ ಕೊಡುವ ಋಣವಿದೆ. ನಮ್ಮ ಬೆನ್ನು ಹತ್ತಿ ಬಂದು ತನ್ನ ಪಾಡಿಗೆ ಬದುಕುವ, ನಮ್ಮ ಅನ್ನಕ್ಕೆ ಕೈ ಹಾಕುವ ಜೀವಕ್ಕೆ ಅನ್ನದ ಋಣವಿಲ್ಲ. ಆದರೆ ಕೊಲ್ಲುವ ಮೊದಲು ತಡೆಯಲು ನೋಡುವ ಋಣವಿದೆ. ಕೊಲ್ಲಲೇಬೇಕಾದರೆ ಬೇಗ ಮುಗಿಸುವ ಋಣವಿದೆ. ಗೆರೆ ಇವೆರಡರ ನಡುವೆ ನೇರವಾಗಿ ಇಲ್ಲ, ಅದು ಇಲಿಯ ಓಡಾಟದ ಹಾಗೆ ಗೋಡೆಗುಂಟ ಹೋಗುತ್ತದೆ. ಆದರೆ ಗೆರೆ ಡೊಂಕು ಎಂದಮಾತ್ರಕ್ಕೆ ಗೆರೆಯೇ ಇಲ್ಲ ಎನ್ನಲಾಗದು.

ಚೌತಿಯ ಮರುದಿನ ನಮ್ಮಲ್ಲಿ ಇಲಿವಾರ. ಅವತ್ತು ನಮ್ಮ ಮನೆಯಲ್ಲಿ ಕತ್ತರಿ, ಸೂಜಿ ಮುಟ್ಟುವುದಿಲ್ಲ. ಗಣಪತಿಯ ವಾಹನಕ್ಕೆ ಸಿಟ್ಟು ಬಂದರೆ ವರ್ಷವಿಡೀ ಬಟ್ಟೆ ಕಡಿಯುತ್ತದೆ ಎಂದು ನಂಬಿಕೆ. ಆಯಿ ಕಡುಬಿನ ಒಂದು ಚೂರನ್ನು ಅಟ್ಟದ ಮೂಲೆಯಲ್ಲಿ ಇಟ್ಟಳು. ಅಪ್ಪ ಹೇಳಿಸಿಕೊಳ್ಳದೆ ಬೋನು ಎತ್ತಿ ಹೊರಗಿಟ್ಟ. ಚಿಕ್ಕವನಿದ್ದಾಗ ನನಗೆ ಇದು ತಮಾಷೆಯಾಗಿತ್ತು: ವರ್ಷವೆಲ್ಲ ಕೊಂದು ಒಂದು ದಿನ ಕಡುಬು ಕೊಡುವುದು. ಈಗ ಹಾಗನ್ನಿಸುವುದಿಲ್ಲ. ಎದುರಾಳಿಯೂ ಒಂದು ಜೀವ ಎಂದು ವರ್ಷಕ್ಕೊಮ್ಮೆಯಾದರೂ ಒಪ್ಪಿಕೊಳ್ಳುವವರು, ಬಿಳಿ ಇಲಿಯನ್ನು ಮುದ್ದಾಡಿ ಮಾಲೀಕರು ಬೈದೊಡನೆ ಕೆರೆಗೆ ಬಿಡಲು ಹೊರಡುವವರಿಗಿಂತ ಎಷ್ಟೋ ಮೇಲು.

ಅದರ ಮರುದಿನ ನಾನೂ ಅಪ್ಪನೂ ಸೇರಿ ಕೆಲಸ ಮಾಡಿದೆವು. ಗೋಡೆಯ ಬಿಲಗಳಿಗೆ ಗಾಜಿನ ಚೂರು, ಸಿಮೆಂಟು ತುಂಬಿದೆವು. ಬಾಗಿಲ ಕೆಳಗಿನ ಸಂದಿಗೆ ತಗಡು ಬಡಿದೆವು. ಮಳೆ ನಿಂತು ಹೆಸರು ಒಣಗಿದ ಮೇಲೆ ಅದು ಚೀಲಕ್ಕೆ ಹೋಗಲಿಲ್ಲ, ಮುಚ್ಚಳವಿರುವ ಎರಡು ತಗಡಿನ ಡಬ್ಬಿಗೆ ಹೋಯಿತು. ಇಲಿ ಪೂರ್ತಿ ನಿಂತಿಲ್ಲ. ಬೋನು ಈಗಲೂ ಬಾಗಿಲ ಹಿಂದೆ ಇದೆ. ಬೀಳುವುದು ಕಡಿಮೆಯಾಗಿದೆ ಎಂದು ಅಪ್ಪ ಹೇಳುತ್ತಾನೆ. ಪಾಷಾಣ ತರುವುದನ್ನು ಬಿಟ್ಟಿದ್ದಾನೆ. ನನ್ನ ಮಾತಿಗೋ, ಡಬ್ಬಿಯಿಂದಾಗಿಯೋ, ನಾನು ಕೇಳಿಲ್ಲ.

ಬಿಳಿ ಇಲಿಗಳು ದೀಪಾವಳಿಯವರೆಗೆ ಆಯಿಯ ಕೈಯಿಂದ ರೊಟ್ಟಿ ತಿಂದುಕೊಂಡಿದ್ದು, ನಾನು ಹೊಸ ಖೋಲಿ ಹಿಡಿದ ಮೇಲೆ ಧಾರವಾಡಕ್ಕೆ ಬಂದವು. ಚಳಿಗಾಲದಲ್ಲಿ ತಾಯಿ ಇಲಿಯ ಹೊಟ್ಟೆಯ ಪಕ್ಕ ಗಂಟು ಬೆಳೆಯಿತು. ಹೆಣ್ಣಿಲಿಗಳಲ್ಲಿ ಇದು ಸಾಮಾನ್ಯ. ಎತ್ತು, ಎಮ್ಮೆ ನೋಡುವ ಪಶುವೈದ್ಯರು ಅದನ್ನು ಅಂಗೈಯಲ್ಲಿಟ್ಟುಕೊಂಡು, ನಗದೆ, ಬಹಳ ಹೊತ್ತು ನೋಡಿದರು. ಕೊಯ್ದರೆ ಉಳಿಯುವ ಭರವಸೆ ಇಲ್ಲ, ಚುಚ್ಚಿ ಮಲಗಿಸಬಹುದು ಎಂದರು. ನನಗೆ ಕೂಡಲೇ ಮನಸ್ಸಾಗಲಿಲ್ಲ. ಮೂರು ದಿನ ತಡ ಮಾಡಿದೆ. ಆ ಮೂರು ದಿನ ಅದಕ್ಕೆ ನೋವಾಯಿತು. ಬೇಗ ಮುಗಿಸುವ ಋಣ ಬರೀ ಬೋನಿನ ಇಲಿಗೆ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಅದು ಪಂಜರದ ಇಲಿಗೂ ಇತ್ತು. ನಾಲ್ಕನೇ ದಿನ ಕರೆದೊಯ್ದೆ.

ಒಂಟಿಯಾದ ಮಗಳನ್ನು ಹುಬ್ಬಳ್ಳಿಯ ಮನೆಯಲ್ಲಿದ್ದ ಅದರ ಅಕ್ಕತಂಗಿಯರ ಜೊತೆ ಬಿಟ್ಟು ಬಂದೆ. ಮೂರು ಗಂಡು ನನ್ನಲ್ಲೇ ಇವೆ. ಇಲಿಯ ಆಯುಷ್ಯ ಎರಡು, ಹೆಚ್ಚೆಂದರೆ ಮೂರು ವರ್ಷ. ನನ್ನ ಪ್ರಬಂಧ ಅಷ್ಟರೊಳಗೆ ಮುಗಿಯಬಹುದು. ಮೊನ್ನೆ ಅಪ್ಪ ಫೋನಿನಲ್ಲಿ ಮಳೆ, ಬೆಳೆ ಎಲ್ಲ ಹೇಳಿ, ಕೊನೆಗೆ "ಫರಕ ಏನಂತ ಬರದೀಯೋ ಇಲ್ಲೋ?" ಎಂದು ಕೇಳಿದ. ಬರೆಯುತ್ತಿದ್ದೇನೆ ಎಂದೆ.