ಅಚ್ಚಿಗೆ ಹೊಂದದ ಹೆಸರು

ಅಚ್ಚಿಗೆ ಹೊಂದಿದ್ದೆಲ್ಲ ಸತ್ಯವೇ? ಹೊಂದದ್ದೆಲ್ಲ ಸುಳ್ಳೇ? ತಾರ್ಕಿಕರ ಈ ಹಳೆಯ ಪ್ರಶ್ನೆ ಈಗ ಗಣಕಯಂತ್ರದ ಮೂಲಕ ನಮ್ಮ ಮನೆಬಾಗಿಲಿಗೇ ಬಂದಿದೆ.

ಗಣಕಯಂತ್ರ ಬರಹದ ಆಕಾರವನ್ನು ನೋಡುತ್ತದೆಯೇ ಹೊರತು ಸತ್ಯಾಸತ್ಯವನ್ನಲ್ಲ. ಅಕ್ಷರಗಳ ಸಾಲು ಯಾವ ಆಕಾರದಲ್ಲಿರಬೇಕೆಂದು ಅದಕ್ಕೆ ತಿಳಿಸುವ ಸೂತ್ರಕ್ಕೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂದು ಹೆಸರು. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿ 1950ರ ದಶಕದಲ್ಲಿ ಇದರ ಗಣಿತವನ್ನು ರೂಪಿಸಿದರು. ಬರಹದಲ್ಲಿ ಪದ ಹುಡುಕಲು ಇದನ್ನು ಬಳಸುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. 1987ರಲ್ಲಿ ಬಂದ ಪರ್ಲ್, 1991ರಲ್ಲಿ ಬಂದ ಪೈಥಾನ್ ಮುಂತಾದ ಭಾಷೆಗಳು ಇದನ್ನು ಸಾಮಾನ್ಯ ಸಲಕರಣೆಯನ್ನಾಗಿ ಮಾಡಿದವು.

ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಯನ್ನೇ ನೋಡಿ: ಮೊದಲು ಐದು ಇಂಗ್ಲಿಷ್ ಅಕ್ಷರ, ಅನಂತರ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಇಷ್ಟನ್ನು ಒಂದೇ ಸಾಲಿನ ಸೂತ್ರದಲ್ಲಿ ಬರೆದರೆ ಸಾಕು, ಲಕ್ಷಗಟ್ಟಲೆ ಅರ್ಜಿಗಳನ್ನು ಯಂತ್ರ ಕ್ಷಣಾರ್ಧದಲ್ಲಿ ಜಾಲಿಸಿಬಿಡುತ್ತದೆ. ಆದರೆ ಆ ಸಂಖ್ಯೆ ಅರ್ಜಿದಾರನದೇ, ನೆರೆಮನೆಯವನದೇ ಎಂಬುದನ್ನು ಸೂತ್ರ ಹೇಳಲಾರದು. ಆಕಾರ ಸರಿಯಿರುವ ಸುಳ್ಳು ಸಲೀಸಾಗಿ ಒಳಗೆ ಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸತ್ಯವೇ ಹೊರಗುಳಿಯುವುದು. ಪ್ಯಾನ್ ಸಂಖ್ಯೆಯ ಆಕಾರ ಸರ್ಕಾರ ಗೊತ್ತುಮಾಡಿದ್ದು. ಮನುಷ್ಯರ ಹೆಸರಿನ ಆಕಾರವನ್ನು ಯಾರು ಗೊತ್ತುಮಾಡಿದರು? ನಮ್ಮಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು ಬರುವುದುಂಟು. ಒಂದೇ ಹೆಸರಿನವರೂ ಉಂಟು. ‘ಎರಡು ಪದ ಇರಲೇಬೇಕು, ಚುಕ್ಕೆ ಕೂಡದು’ ಎಂದು ಬರೆದ ಸೂತ್ರಕ್ಕೆ ಇವರೆಲ್ಲ ತಪ್ಪಾಗಿ ಕಾಣುತ್ತಾರೆ. ಪರನಾಡಿನಲ್ಲಿರುವ ನಮಗೆ ಇದು ಹೊಸದಲ್ಲ. ಒಂದು ಅರ್ಜಿಗಾಗಿ ಹೆಸರನ್ನು ಹಿಗ್ಗಿಸಿ ಬರೆದರೆ, ಮುಂದೆ ಶಾಲೆಯ ಪ್ರಮಾಣಪತ್ರದೊಡನೆ ಅದು ತಾಳೆಯಾಗುವುದಿಲ್ಲ.

ಭಾಷೆಯ ಗತಿಯೂ ಇದೇ. ಪೈಥಾನಿನೊಡನೆ ಬರುವ ಸೂತ್ರ ಸೌಲಭ್ಯದಲ್ಲಿ ‘ಪದದ ಅಕ್ಷರ’ ಎಂಬುದಕ್ಕೆ ಒಂದು ಸಂಕೇತವಿದೆ. ಇಳಿ, ಗುಡಿಸು, ಕೊಂಬುಗಳಾಗಲಿ ಒತ್ತಕ್ಷರ ಮೂಡಿಸುವ ಚಿಹ್ನೆಯಾಗಲಿ ಅದರ ಲೆಕ್ಕಕ್ಕೆ ಸೇರಿಲ್ಲ. ಹಾಗಾಗಿ ಅದು ‘ಕನ್ನಡ’ ಎಂಬ ಪದವನ್ನು ‘ಕನ’, ‘ನಡ’ ಎಂದು ಎರಡು ತುಂಡು ಮಾಡುತ್ತದೆ! ಇದರಲ್ಲಿ ದ್ವೇಷವಿಲ್ಲ, ಅಲಕ್ಷ್ಯವಿದೆ. ಪೆಟ್ಟು ಮಾತ್ರ ಪೆಟ್ಟೇ.

ಹಾಗಾದರೆ ಅಚ್ಚುಗಳೇ ಬೇಡವೇ? ಹಾಗೆನ್ನಲಾಗದು. ಮೇಜಿನಾಚೆ ಕುಳಿತ ಗುಮಾಸ್ತನ ಮರ್ಜಿಗೆ ಎಲ್ಲವನ್ನೂ ಬಿಟ್ಟರೆ ಪರಿಚಯದವರ ಅರ್ಜಿ ಮುಂದೆ ಹೋಗುತ್ತದೆ, ಬಡವನದು ಕೆಳಗೆ ಉಳಿಯುತ್ತದೆ. ಸೂತ್ರ ಮಂತ್ರಿಯ ಮಗನನ್ನೂ ರೈತನ ಮಗನನ್ನೂ ಒಂದೇ ರೀತಿ ಕಾಣುತ್ತದೆ. ಈ ಸಮದೃಷ್ಟಿ ಸಣ್ಣ ಗುಣವಲ್ಲ. ಆದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹಂಚುವುದೇ ಸಮತೆಯಲ್ಲವಷ್ಟೆ. ಅಳತೆ ಯಾರ ಮೈ ನೋಡಿ ತೆಗೆದದ್ದು ಎಂದು ಕೇಳಲೇಬೇಕಾಗುತ್ತದೆ.

ಆದ್ದರಿಂದ ಸೂತ್ರಕ್ಕೆ ಪ್ರಶ್ನೆ ಕೇಳುವ ಅಧಿಕಾರವಿರಲಿ, ತೀರ್ಪು ಕೊಡುವ ಅಧಿಕಾರ ಬೇಡ. ‘ನಿಮ್ಮ ಹೆಸರು ತಪ್ಪು’ ಎನ್ನುವ ಬದಲು ‘ಇದು ಸರಿಯೇ, ಇನ್ನೊಮ್ಮೆ ನೋಡಿ’ ಎಂದು ಕೇಳಿ, ಸರಿ ಎಂದರೆ ಒಪ್ಪಿಕೊಳ್ಳಲಿ. ಸಂದೇಹ ಉಳಿದರೆ ಒಬ್ಬ ಮನುಷ್ಯ ನೋಡಲಿ. ಹಿಟ್ಟು ಜರಡಿ ಹಿಡಿಯುವ ಗೃಹಿಣಿ ಮೇಲುಳಿದ ತರಿಯನ್ನು ತಿಪ್ಪೆಗೆ ಸುರಿಯುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ, ಕಲ್ಲಿದ್ದರೆ ಎಸೆದು, ಕಾಳಿದ್ದರೆ ಮತ್ತೆ ಬೀಸುತ್ತಾಳೆ.

ನಮ್ಮ ಅನೇಕರ ಮನೆಯ ಮಕ್ಕಳು ಇಂದು ಇಂತಹ ಸೂತ್ರಗಳನ್ನು ಬರೆಯುವ ಉದ್ಯೋಗದಲ್ಲಿದ್ದಾರೆ. ಹೆಸರಿನ ಕಾಲಂಗೆ ಸೂತ್ರ ಬರೆಯುವ ಮುನ್ನ ತಮ್ಮ ಅಜ್ಜಿಯ ಹೆಸರನ್ನು ಅದರಲ್ಲಿ ಒಮ್ಮೆ ತುಂಬಿ ನೋಡುವಂತೆ ಅವರಿಗೆ ಹೇಳೋಣ.